ಬೀದಿಯ ಮೋರಿಯೂ ಮನೆಯೊಡೆಯನ ಪಾಲೂ

ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಸುಮಾರು 10 ಮೈಲಿ. ಕೊಳ್ಳೇಗಾಲದಿಂದ ಹನೂರಿಗೆ ಸುಮಾರು 15 ಮೈಲಿ. ಮಾತು ಒಂದೇ, ಮಳೆ ಒಂದೇ, ಮನೆ ಕಟ್ಟುವ ರೀತಿಯೂ ಬಹುಮಟ್ಟಿಗೆ ಒಂದೇ. ಆದರೂ 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಒಂದೂವರೆ ಶತಮಾನದ ಕಾಲ ಈ ಮೂರು ಊರುಗಳು ಎರಡು ರಾಜ್ಯಗಳಿಗೆ ಸೇರಿದ್ದುವು. ಕೊಳ್ಳೇಗಾಲವೂ ಅದರ ತಾಲ್ಲೂಕಿನೊಳಗಿನ ಹನೂರೂ ಕೊಯಮತ್ತೂರು ಜಿಲ್ಲೆಯ ಭಾಗವಾಗಿ ಮದ್ರಾಸು ಆಧಿಪತ್ಯಕ್ಕೆ ಹೋದುವು. ಯಳಂದೂರು ಮೈಸೂರಿನಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗಲೇ ಇವು ಮತ್ತೆ ಒಂದು ಛತ್ರದ ಕೆಳಗೆ ಬಂದುದು. 1997ರಿಂದ ಮೂರೂ ಚಾಮರಾಜನಗರ ಜಿಲ್ಲೆಯಲ್ಲಿವೆ.

ರಾಜರ ಕಥೆಯನ್ನೂ ಯುದ್ಧದ ಕಥೆಯನ್ನೂ ಹೇಳುವುದಕ್ಕೆ ನಾವು ಈ ಗಡಿಯನ್ನು ನೆನೆಯಲಿಲ್ಲ. ಇಂದು ನಾವು ಶ್ರೋತೃಗಳ ಮುಂದಿಡುವ ವಿಷಯವು ಅದಕ್ಕಿಂತ ಬಹಳ ಸಣ್ಣದು. ಮನೆಯ ಬಾಗಿಲ ಮುಂದೆಯೇ ಇರುವುದು. ಬೀದಿಗೆ ಜಲ್ಲಿ ಹಾಕಿಸಿ ಮೋರಿ ಕಟ್ಟಿಸಿದರೆ ಅದರ ವೆಚ್ಚವನ್ನು ಯಾರು ಕೊಡಬೇಕು? ಊರೆಲ್ಲವೂ ಕೊಡಬೇಕೆ, ಬೀದಿಯವರು ಮಾತ್ರವೆ, ಸರ್ಕಾರವೆ? ಬೀದಿಯವರೇ ಎಂದರೆ ಅವರವರ ಪಾಲನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಈ ಪ್ರಶ್ನೆಗೆ ನದಿಯ ಆಚೆ ಈಚೆ ಬೇರೆ ಬೇರೆ ಶಾಸನಗಳು ಬೇರೆ ಬೇರೆ ಉತ್ತರಗಳನ್ನು ಕೊಟ್ಟುವು. ಆ ಉತ್ತರಗಳ ಚರಿತ್ರೆಯೇ ನಮ್ಮ ಪ್ರಸ್ತುತ ವಿಷಯ.

ಪ್ರಶ್ನೆ ಹೊಸದಲ್ಲ. ಮೈಸೂರಿನ ಪ್ರಾಚ್ಯಕೋಶಾಗಾರದ ಪಂಡಿತ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ಕೊಟ್ಟು ಲೋಕಕ್ಕೆ ಪರಿಚಯಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೀದಿಗೆ ಕಸ ಹಾಕಿದವನಿಗೆ ಪಣದ ಎಂಟನೆಯ ಒಂದು ಭಾಗ ದಂಡ, ಕೆಸರು ನೀರನ್ನು ನಿಲ್ಲಿಸಿದವನಿಗೆ ಕಾಲು ಪಣ, ರಾಜಮಾರ್ಗದಲ್ಲಾದರೆ ಇಮ್ಮಡಿ. ಇದು ದಂಡದ ಮಾತಾಯಿತು. ಪಾಲಿನ ಮಾತು ಬೇರೆಡೆಯಲ್ಲಿದೆ. ಊರವರು ಕೂಡಿ ಕೆರೆಕಟ್ಟೆಗಳನ್ನು ಕಟ್ಟುವಾಗ ಒಬ್ಬನು ಹಿಂದೆ ಸರಿದರೆ ಅವನ ಆಳುಗಳೂ ಎತ್ತುಗಳೂ ಕೆಲಸ ಮಾಡಬೇಕು; ವೆಚ್ಚದಲ್ಲಿ ಅವನಿಗೆ ಪಾಲು ಉಂಟು, ಫಲದಲ್ಲಿ ಇಲ್ಲ. ಕಠಿನವಾದ ನಿಯಮವೇ ಹೌದು. ಆದರೆ ನೆರೆಯವರ ಶ್ರಮದಿಂದ ಬರುವ ಸುಖವನ್ನು ಒಬ್ಬನು ಬಿಟ್ಟಿಯಾಗಿ ಅನುಭವಿಸಬಾರದೆಂಬ ತತ್ತ್ವವು ಅದರಲ್ಲಿ ಸ್ಪಷ್ಟವಾಗಿದೆ.

ಕನ್ನಡ ನಾಡಿನ ಹಿಂದಿನ ರೂಢಿ ಬೇರೊಂದು ದಾರಿಯನ್ನು ಹಿಡಿದಿತ್ತು. ಮನೆವಣವೆಂಬ ತೆರಿಗೆ ಶಾಸನಗಳಲ್ಲಿ ಕಾಣುವುದುಂಟು. ಮುಂದೆ ಮೊಹತರ್ಫಾ ಎಂಬ ಹೆಸರಿನಲ್ಲಿ ಮನೆ, ಅಂಗಡಿ, ಮಗ್ಗಗಳಿಗೆ ತೆರಿಗೆ ಬಿದ್ದುದೂ ಉಂಟು. ಆದರೆ ಅದು ಅರಮನೆಯ ಬೊಕ್ಕಸಕ್ಕೆ ಹೋಗುವ ಹಣ. ತೆತ್ತವನ ಬೀದಿಗೆ ಅದು ಹಿಂದಿರುಗಿ ಬರಬೇಕೆಂಬ ಕಟ್ಟಳೆಯಿರಲಿಲ್ಲ. ಸಾರ್ವಜನಿಕವಾದ ಕೆಲಸವನ್ನು ಮಾಡಿಸುತ್ತಿದ್ದುದು ದಾನಿಗಳ ಧರ್ಮಬುದ್ಧಿ. ಕೆರೆ ಕಟ್ಟಿಸಿದವನಿಗೂ ಅದನ್ನು ಕಾಪಾಡುವವನಿಗೂ ಭೂಮಿಯನ್ನು ಕೊಡೆಗೆಯಾಗಿ ಬಿಡುತ್ತಿದ್ದರು.

ಈ ಪದ್ಧತಿಯ ಕೊನೆಯ ದೊಡ್ಡ ನಿದರ್ಶನವೊಂದು ಕೊಳ್ಳೇಗಾಲದ ಪಕ್ಕದಲ್ಲಿಯೇ ಇದೆ. ಶಿವನಸಮುದ್ರದ ದ್ವೀಪಕ್ಕೆ ಹೋಗುವ ಹಳೆಯ ಕಲ್ಲುಸೇತುವೆಗಳು ಪ್ರವಾಹಕ್ಕೆ ಸಿಕ್ಕಿ ಹಾಳಾಗಿದ್ದುವು. ಮೈಸೂರಿನ ರೆಸಿಡೆಂಟರ ಕಚೇರಿಯ ನೌಕರರಾಗಿದ್ದ ರಾಮಸ್ವಾಮಿ ಮೊದಲಿಯಾರರು 19ನೆಯ ಶತಮಾನದ ಪೂರ್ವಾರ್ಧದಲ್ಲಿ ಅವನ್ನು ಮತ್ತೆ ಕಟ್ಟಿಸಿದರು. ಒಂದಕ್ಕೆ ವೆಲ್ಲೆಸ್ಲಿಯ ಹೆಸರು, ಇನ್ನೊಂದಕ್ಕೆ ಮದ್ರಾಸಿನ ಗವರ್ನರ್ ಲಷಿಂಗ್ಟನ್ನರ ಹೆಸರು. ಮೊದಲನೆಯದನ್ನು ಜನರು ವೆಸ್ಲಿ ಸೇತುವೆಯೆಂದೇ ಕರೆಯುತ್ತಾರೆ. ಅವರಿಗೆ ಜನೋಪಕಾರ ಕಾಮಕರ್ತರೆಂಬ ಬಿರುದೂ ಜಹಗೀರೂ ದೊರೆತುವು. ಅಂದರೆ ಸೇತುವೆಯ ವೆಚ್ಚವನ್ನು ಕಟ್ಟಕಡೆಗೆ ಹೊತ್ತುದು ಆ ಜಹಗೀರಿನ ಗ್ರಾಮಗಳ ಕಂದಾಯ. ಸೇತುವೆಯನ್ನು ದಾಟಿದವರು ಒಬ್ಬರು, ತೆತ್ತವರು ಮತ್ತೊಬ್ಬರು. ಸೇತುವೆಗೆ ಇಂತಹ ದಾನಿ ಸಿಕ್ಕಿಯಾನು. ಆದರೆ ಮೋರಿಗೆ? ದೇವಾಲಯವನ್ನೂ ಛತ್ರವನ್ನೂ ಕಟ್ಟಿಸಿದ ಪುಣ್ಯವಂತರ ಹೆಸರುಗಳು ಕಲ್ಲಿನ ಮೇಲೆ ಸಾವಿರಾರು ಇವೆ. ಬಚ್ಚಲ ನೀರಿಗೆ ದಾರಿ ಮಾಡಿಕೊಟ್ಟೆನೆಂದು ಶಾಸನ ಬರೆಯಿಸಿದ ಪುಣ್ಯವಂತನನ್ನು ನಾವು ಕಂಡಿಲ್ಲ. ಆದುದರಿಂದಲೇ ಮೋರಿಗೆ ಕಾಯಿದೆ ಬೇಕಾಯಿತು.

ಕಾಯಿದೆಯ ತಾಯಿಬೇರು ಇಂಗ್ಲೆಂಡಿನಲ್ಲಿದೆ. 1598ರಲ್ಲಿ ಅಲ್ಲಿ ರೂಕ್ ಎಂಬುವನ ವ್ಯಾಜ್ಯವೊಂದು ನಡೆಯಿತು. ನದಿಯ ಏರಿಯನ್ನು ದುರಸ್ತಿ ಮಾಡಿಸಿದ ಅಧಿಕಾರಿಗಳು ಅದರ ವೆಚ್ಚವನ್ನೆಲ್ಲ ಏರಿಗೆ ತಗುಲಿಕೊಂಡಿದ್ದ ಭೂಮಿಯ ಒಡೆಯನೊಬ್ಬನ ಮೇಲೆಯೇ ಹೊರಿಸಿದ್ದರು. ಏರಿ ಒಡೆದರೆ ಅವನ ಹಿಂದಿನ ಹೊಲಗಳೂ ಮುಳುಗುವುವು. ಆ ಹೊಲಗಳವರು ಮಾತ್ರ ಒಂದು ಕಾಸನ್ನೂ ಕೊಡಬೇಕಾಗಿರಲಿಲ್ಲ. ಕೋಕ್ ಎಂಬ ಪ್ರಸಿದ್ಧ ನ್ಯಾಯವಿದರು ವರದಿ ಮಾಡಿರುವ ಈ ಮೊಕದ್ದಮೆಯಲ್ಲಿ ನ್ಯಾಯಾಲಯವು ಇದನ್ನು ಒಪ್ಪಲಿಲ್ಲ. ಅಪಾಯಕ್ಕೆ ಗುರಿಯಾಗಿದ್ದವರೆಲ್ಲರೂ ವೆಚ್ಚಕ್ಕೆ ಪಾಲುದಾರರು. ಅಧಿಕಾರಿಗೆ ವಿವೇಚನೆಯಿದ್ದರೂ ಅದು ನ್ಯಾಯದ ಎಲ್ಲೆಯನ್ನು ಮೀರಕೂಡದು ಎಂದು ತೀರ್ಮಾನವಾಯಿತು. ಈ ರೂಕನ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಅದರ ಕೆಲಸವಿದೆ.

ಆಮೇಲಿನ ಪಟ್ಟಣಗಳಿಗೆ ಇಷ್ಟು ಸೂಕ್ಷ್ಮವಾದ ತೂಕಕ್ಕೆ ಬಿಡುವಿರಲಿಲ್ಲ. ಇಂಗ್ಲೆಂಡಿನ 1875ರ ಸಾರ್ವಜನಿಕ ಆರೋಗ್ಯದ ಕಾಯಿದೆಯು ಸುಲಭವಾದ ಒಂದು ಕೋಲನ್ನು ಹಿಡಿಯಿತು. ಖಾಸಗಿ ಬೀದಿಯನ್ನು ಸಮ ಮಾಡಿ, ಕಲ್ಲು ಹಾಸಿ, ಚರಂಡಿ ಕಟ್ಟಲು ಪಕ್ಕದ ಮನೆಯೊಡೆಯರಿಗೆ ನೋಟೀಸು ಕೊಡುವುದು. ಅವರು ಮಾಡದಿದ್ದರೆ ತಾನೇ ಮಾಡಿಸಿ, ಅವರವರ ಮನೆಯು ಬೀದಿಗೆ ಎಷ್ಟು ಅಡಿ ಮುಖಮಾಡಿದೆಯೋ ಅಷ್ಟಕ್ಕೆ ತಕ್ಕ ಹಣವನ್ನು ವಸೂಲು ಮಾಡುವುದು. 1892ರ ಇನ್ನೊಂದು ಕಾಯಿದೆಯು ಇದನ್ನು ಸಡಿಲಿಸಿ, ಯಾವ ಮನೆಗೆ ಹೆಚ್ಚು ಪ್ರಯೋಜನ ಯಾವುದಕ್ಕೆ ಕಡಿಮೆ ಎಂಬುದನ್ನೂ ಗಮನಿಸಬಹುದೆಂದು ಹೇಳಿತು.

ಮದ್ರಾಸು ಆಧಿಪತ್ಯಕ್ಕೆ ಬಂದುದು ಮುಖ್ಯವಾಗಿ ಮೊದಲನೆಯ ನಿಯಮ. ಅಲ್ಲಿ 1871ರ ಸ್ಥಳೀಯ ನಿಧಿಗಳ ಕಾಯಿದೆಯಲ್ಲಿ ಶಾಲೆಗಳ ವೆಚ್ಚಕ್ಕಾಗಿ ಮನೆ ತೆರಿಗೆಗೆ ಅವಕಾಶವಿತ್ತು. ಜನರು ಅದನ್ನು ಸಹಿಸದಿದ್ದುದರಿಂದ ಸರ್ಕಾರವು ಅದನ್ನು ಬಹುಮಟ್ಟಿಗೆ ಕೈಬಿಡಬೇಕಾಯಿತು. 1884ರ ಕಾಯಿದೆಗಳಲ್ಲಿ ಮನೆ ತೆರಿಗೆಯು ಬೇರೆ ವೇಷದಲ್ಲಿ ಹಿಂದಿರುಗಿತು. ಮುನಿಸಿಪಾಲಿಟಿಯ ಅಂತಸ್ತಿಗೆ ಏರದ ಪೇಟೆಗಳನ್ನೂ ಹಳ್ಳಿಗಳನ್ನೂ ಕೂಡಿಸಿ ಯೂನಿಯನ್ನುಗಳನ್ನು ಮಾಡಿ, ದೀಪ, ನೈರ್ಮಲ್ಯ, ಒಳರಸ್ತೆಗಳಿಗಾಗಿ ಅಲ್ಲಿಯೇ ಎತ್ತಿ ಅಲ್ಲಿಯೇ ವೆಚ್ಚ ಮಾಡುವ ತೆರಿಗೆಯಾಗಿ ಅದನ್ನು ವಿಧಿಸಿದರು. 1920ರ ಜಿಲ್ಲಾ ಮುನಿಸಿಪಾಲಿಟಿಗಳ ಕಾಯಿದೆಯು ಇನ್ನೂ ಮುಂದೆ ಹೋಗಿ, ಆಸ್ತಿ ತೆರಿಗೆಯೊಳಗೆ ನೀರು ಮತ್ತು ಚರಂಡಿಯ ತೆರಿಗೆ, ದೀಪದ ತೆರಿಗೆ ಎಂದು ಬಾಬುಗಳನ್ನು ಬಿಡಿಸಿತು. ಖಾಸಗಿ ಬೀದಿಗಳಿಗೆ ಇಂಗ್ಲೆಂಡಿನ ಮುಖದಳತೆಯ ನಿಯಮವನ್ನೇ ಇಟ್ಟುಕೊಂಡಿತು.

ಮೈಸೂರಿನ ದಾರಿಯನ್ನು ತೋರಿಸಿದುದು ಪ್ಲೇಗು. 1896ರಲ್ಲಿ ಮುಂಬಯಿಗೆ ಬಂದ ಆ ಮಾರಿ 1898ರಲ್ಲಿ ಬೆಂಗಳೂರನ್ನೂ ಮೈಸೂರನ್ನೂ ಮುಟ್ಟಿತು. ಇಕ್ಕಟ್ಟಾದ ಓಣಿ, ಬೆಳಕಿಲ್ಲದ ಮನೆ, ನಿಂತ ನೀರು, ಇವು ಕೇವಲ ಅಸಹ್ಯವಲ್ಲ, ಪ್ರಾಣಾಪಾಯ ಎಂಬುದು ಬಡವರಿಗೂ ಬಲ್ಲಿದರಿಗೂ ಏಕಕಾಲದಲ್ಲಿ ಮನದಟ್ಟಾಯಿತು. ಮುಂಬಯಿಯಲ್ಲಿ ಅದೇ 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಹುಟ್ಟಿತು. ಮೈಸೂರು ನಗರಕ್ಕೆ 1903ರಲ್ಲಿ ಅಂತಹ ಶಾಸನವೂ ಮಂಡಲಿಯೂ ಬಂದುವು. 1906ರಲ್ಲಿ ಸಂಸ್ಥಾನಕ್ಕೆಲ್ಲ ಮುನಿಸಿಪಲ್ ರೆಗ್ಯುಲೇಷನ್ ಆಯಿತು. ಆಗ ದಿವಾನರಾಗಿದ್ದವರು ಯಾರು? ಪೂರ್ಣಯ್ಯನವರ ವಂಶದವರೂ ಯಳಂದೂರಿನ ಜಹಗೀರುದಾರರೂ ಆಗಿದ್ದ ಸರ್ ಪಿ. ಎನ್. ಕೃಷ್ಣಮೂರ್ತಿಯವರು, 1901ರಿಂದ 1906ರವರೆಗೆ ಆ ಪದವಿಯಲ್ಲಿದ್ದರು. ನಮ್ಮ ಮೂರು ಊರುಗಳಲ್ಲಿ ಅತ್ಯಂತ ಚಿಕ್ಕದೆನ್ನಬಹುದಾದ ಯಳಂದೂರಿಗೆ ಸಂಸ್ಥಾನದ ನಗರ ಸುಧಾರಣೆಯ ಇತಿಹಾಸದಲ್ಲಿ ಹೀಗೊಂದು ಮಾರ್ಗವಾಗಿ ಸ್ಥಾನವಿದೆ.

ಇನ್ನೊಂದು ಮಾರ್ಗವೂ ಉಂಟು. ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ತರಲೆಂದು ಒಂದು ಕಾಲುವೆಯನ್ನು ತೋಡಿಸಿದ್ದರು. ಉದ್ದೇಶವು ಕೈಗೂಡಲಿಲ್ಲ. ನೀರು ಬಾರದ ಕಾಲುವೆಯು ನಗರದ ನಡುವೆ ಕೊಳಕನ್ನು ಹೊರುವ ದೊಡ್ಡ ಮೋರಿಯಾಗಿ ಉಳಿಯಿತು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಮುಚ್ಚಿ ಅದರ ಮೇಲೆ ರಸ್ತೆ ಮಾಡಿದರು. ಅದೇ ಸಯ್ಯಾಜಿರಾವ್ ರಸ್ತೆ. ದಸರೆಯ ಮೆರವಣಿಗೆಯನ್ನು ಅಲ್ಲಿ ನಿಂತು ನೋಡುವವರಲ್ಲಿ ಎಷ್ಟು ಮಂದಿಗೆ ತಮ್ಮ ಕಾಲ ಕೆಳಗೆ ಪೂರ್ಣಯ್ಯನವರ ನಾಲೆಯಿದೆಯೆಂಬ ನೆನಪಿರುವುದೋ ಹೇಳಲಾರೆವು. ನಮ್ಮ ವಿಷಯಕ್ಕೆ ಬೇಕಾದುದು ಇಷ್ಟು: ನಿನ್ನೆಯವರೆಗೆ ಮೂಗು ಮುಚ್ಚಿಕೊಳ್ಳಬೇಕಾಗಿದ್ದ ಕಾಲುವೆಯ ದಡವು ಒಮ್ಮೆಗೇ ಪೇಟೆಯ ಮುಖ್ಯ ಬೀದಿಯ ಪಕ್ಕವಾದರೆ ಅಲ್ಲಿನ ನೆಲಕ್ಕೆ ಬೆಲೆಯೇರುವುದು. ಆ ಬೆಲೆಯನ್ನು ನೆಲದೊಡೆಯನು ಗಳಿಸಲಿಲ್ಲ. ಸಾರ್ವಜನಿಕ ಹಣವು ಅದನ್ನು ಅವನ ಮನೆಯ ಬಾಗಿಲಿಗೆ ತಂದಿಟ್ಟಿತು. ಅದರಲ್ಲಿ ಒಂದು ಪಾಲನ್ನು ಸಾರ್ವಜನಿಕರು ಹಿಂದಕ್ಕೆ ಕೇಳಬಾರದೇಕೆ?

ಈ ಪ್ರಶ್ನೆಯಿಂದ ಹುಟ್ಟಿದುದೇ ಕಾಯಿದೆಗಳಲ್ಲಿ ಬೆಟರ್‌ಮೆಂಟ್ ಎಂದು ಕರೆಯುವ, ನಾವು ಮೌಲ್ಯವೃದ್ಧಿಯ ತೆರಿಗೆ ಎನ್ನಬಹುದಾದ, ಪದ್ಧತಿ. ಮುಂಬಯಿಯ 1915ರ ನಗರ ಯೋಜನೆಯ ಕಾಯಿದೆಯು ಏರಿದ ಬೆಲೆಯಲ್ಲಿ ಅರ್ಧದವರೆಗೆ ಕೇಳಿತು. ಮದ್ರಾಸಿನ 1920ರ ಕಾಯಿದೆಯಲ್ಲಿಯೂ ಇಂತಹ ವಸೂಲಿಗೆ ಅವಕಾಶವಿತ್ತು. ಬೆಂಗಳೂರಿಗೆ 1945ರಲ್ಲಿ ನಗರ ಸುಧಾರಣೆಯ ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ ನಿಂತ 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯು, ಕಟ್ಟಡವನ್ನು ಬಿಟ್ಟು ಬರಿಯ ನೆಲದ ಬೆಲೆಯನ್ನು ಯೋಜನೆಗೆ ಮೊದಲೂ ಯೋಜನೆ ಮುಗಿದ ಮೇಲೂ ಕಟ್ಟಿ, ವ್ಯತ್ಯಾಸದ ಮೂರರಲ್ಲಿ ಒಂದು ಭಾಗವನ್ನು ತೆರಿಗೆಯೆಂದು ನಿಗದಿ ಮಾಡಿತು.

ಇಷ್ಟಕ್ಕೆ ಮೂರು ಅಳತೆಗೋಲುಗಳಾದುವು: ಬಾಡಿಗೆಯ ಬೆಲೆ, ಬೀದಿಗೆ ತೋರುವ ಮುಖದ ಅಳತೆ, ಏರಿದ ನೆಲದ ಬೆಲೆ. ಕಾಯಿದೆಯ ಪುಸ್ತಕದಲ್ಲಿ ಮೂರೂ ನಿರ್ದೋಷವಾಗಿ ಕಾಣುತ್ತವೆ. ಬೀದಿಗಿಳಿದು ನೋಡಿದಾಗ ಕಥೆ ಬೇರೆಯಾಗುವುದು. ಕೊಳ್ಳೇಗಾಲದಂತಹ ಹಳೆಯ ಪೇಟೆಯೊಂದರಲ್ಲಿ ಇಳಿಜಾರಾದ ಸಣ್ಣ ಬೀದಿಯೊಂದನ್ನು ಊಹಿಸಿಕೊಳ್ಳೋಣ. ನಾಲ್ಕು ಮನೆಗಳು, ಒಟ್ಟು 120 ಅಡಿ ಮುಖ, ಕಟ್ಟಬೇಕಾದ ಮೋರಿಗೆ ಹಿಂದಿನ ಕಾಲದ ಲೆಕ್ಕದಲ್ಲಿ 1,200 ರೂಪಾಯಿ. ಮೇಲ್ಗಡೆ ರೇಷ್ಮೆ ವರ್ತಕರ ಮನೆ, 30 ಅಡಿ. ಅದರ ಕೆಳಗೆ ಉಪಾಧ್ಯಾಯರೊಬ್ಬರ ಮನೆ, ಅದೂ 30 ಅಡಿ. ಆಮೇಲೆ ನೇಕಾರನ ಮನೆ. ಒಳಕ್ಕೆ ಉದ್ದವಾಗಿ ಹೋಗಿದೆ, ಬೀದಿಗೆ 15 ಅಡಿ ಮಾತ್ರ. ತಗ್ಗಿನ ಕೊನೆಯಲ್ಲಿ ವಿಧವೆಯೊಬ್ಬಳ ಹಳೆಯ ಮನೆ. ಬರಿದಾದ ಕೊಟ್ಟಿಗೆಯ ಗೋಡೆಯೂ ಬೀದಿಯ ಪಕ್ಕದಲ್ಲಿಯೇ ಇರುವುದರಿಂದ 45 ಅಡಿ.

ಮುಖದಳತೆಯಿಂದ ಹಂಚಿದರೆ ಅಡಿಗೆ 10 ರೂಪಾಯಿ. ವರ್ತಕರಿಗೂ ಉಪಾಧ್ಯಾಯರಿಗೂ 300 ರೂಪಾಯಿಗಳಂತೆ, ನೇಕಾರನಿಗೆ 150, ವಿಧವೆಗೆ 450. ಬೀದಿಯಲ್ಲಿ ಅತ್ಯಂತ ಬಡವಳು ಅತ್ಯಂತ ಹೆಚ್ಚನ್ನು ಕೊಡುವಳು, ಹಾಳುಬಿದ್ದ ಕೊಟ್ಟಿಗೆಯ ದೆಸೆಯಿಂದ. ಬಾಡಿಗೆಯ ಬೆಲೆಯಿಂದ ಹಂಚೋಣ. ವರ್ಷಕ್ಕೆ ವರ್ತಕರ ಮನೆಗೆ 300 ರೂಪಾಯಿ ಬರಬಹುದು, ಉಪಾಧ್ಯಾಯರದಕ್ಕೆ 150, ನೇಕಾರನದಕ್ಕೆ 100, ವಿಧವೆಯದಕ್ಕೆ 50. ಆಗ ವರ್ತಕರ ಪಾಲು 600, ಉಪಾಧ್ಯಾಯರದು 300, ನೇಕಾರನದು 200, ವಿಧವೆಯದು 100. ಇದು ನ್ಯಾಯವಾಗಿ ಕಂಡರೂ ವರ್ತಕರು ಒಂದು ಮಾತನ್ನು ಕೇಳದೆ ಬಿಡಲಾರರು: ‘ನಮ್ಮ ಮನೆ ಎತ್ತರದಲ್ಲಿದೆ, ಮಳೆಯ ನೀರು ಕ್ಷಣಕಾಲವೂ ನಿಲ್ಲುವುದಿಲ್ಲ, ಈ ಮೋರಿಯಿಂದ ನಮಗೇನಾಯಿತು?’

ಪ್ರಯೋಜನವನ್ನೇ ಅಳೆದರೆ ಅದು ತಗ್ಗಿನವರದು. ನೇಕಾರನು ನೆಲದಲ್ಲಿ ಗುಂಡಿ ತೋಡಿ ಮಗ್ಗ ಹೂಡಿದ್ದಾನೆ. ಬೀದಿಯ ನೀರು ಒಸರಿ ಆ ಗುಂಡಿಯಲ್ಲಿ ಜಿನುಗಿದರೆ ಅವನ ಕಾಲು ಹಲಗೆಯ ಮೇಲಿರಲಾರದು. ನೆಯ್ಗೆ ನಿಲ್ಲುವುದು, ಕೂಲಿ ತಪ್ಪುವುದು. ಮೋರಿಯು ಅವನ ಅನ್ನ. ವಿಧವೆಯ ಮನೆಯೊಳಗೆ ಪ್ರತಿ ಮಳೆಗೂ ನೀರು ನುಗ್ಗುತ್ತಿತ್ತು. ಮೋರಿಯಾದ ಮೇಲೆ ಅವಳ ನೆಲದ ಬೆಲೆ ಎಲ್ಲರದಕ್ಕಿಂತ ಹೆಚ್ಚಾಗಿ ಏರುವುದು. ಮೌಲ್ಯವೃದ್ಧಿಯ ನಿಯಮದಂತೆ ದೊಡ್ಡ ಪಾಲು ಮತ್ತೆ ಅವಳ ತಲೆಗೇ ಬಂದಿತು! ಕಾಗದದ ಮೇಲೆ ಅವಳು ಧನಿಕಳಾದಳು. ಆದರೆ ಅವಳು ಮನೆಯನ್ನು ಮಾರುವವಳಲ್ಲ. ಏರಿದ ಬೆಲೆಯಿಂದ ಅವಳ ಮಡಕೆಗೆ ಒಂದು ಹಿಡಿ ಅಕ್ಕಿಯೂ ಬೀಳುವುದಿಲ್ಲ.

ಇಲ್ಲಿ ರೂಕನ ವ್ಯಾಜ್ಯವನ್ನು ನಾವು ಮತ್ತೆ ನೆನೆಯಬೇಕು. ತಗ್ಗಿನ ಮನೆಗೆ ನುಗ್ಗುವ ನೀರು ಎಲ್ಲಿಂದ ಬಂದಿತು? ವರ್ತಕರ ಸೂರಿನಿಂದ, ಉಪಾಧ್ಯಾಯರ ತೊಟ್ಟಿಯಿಂದ, ಎಲ್ಲರ ಬಚ್ಚಲಿನಿಂದ. ಮೋರಿಯಿಲ್ಲದಿದ್ದಾಗ ಮೇಲಿನವರು ತಮ್ಮ ನೀರನ್ನು ಕೆಳಗಿನವರ ಬಾಗಿಲಿಗೆ ವೆಚ್ಚವಿಲ್ಲದೆ ಸಾಗಿಸುತ್ತಿದ್ದರು. ಆ ಸೌಕರ್ಯಕ್ಕೆ ಯಾರೂ ಬೆಲೆ ಕಟ್ಟಿರಲಿಲ್ಲವೆಂದು ಅದು ಸೌಕರ್ಯವಲ್ಲವೆ? ಏರಿಯ ಪಕ್ಕದ ಒಬ್ಬನೇ ಹೊರೆ ಹೊರಬಾರದೆಂದು 1598ರಲ್ಲಿ ಹೇಳಿದ ನ್ಯಾಯವು ಮೋರಿಯ ಕೊನೆಯ ಒಬ್ಬಳೇ ಹೊರೆ ಹೊರಬಾರದೆಂದೂ ಹೇಳುವುದು. ಮೋರಿಯು ನೀರನ್ನು ಪಡೆದವರ ಆಸ್ತಿಯಷ್ಟೇ ಅಲ್ಲ, ನೀರನ್ನು ಕಳುಹಿಸಿದವರ ಋಣವೂ ಆಗಿದೆ. ಬೀದಿಯ ನೆಲಹಾಸನ್ನು ಅಡಿಯಿಂದ ಅಳೆದರೆ ಹೇಗೋ ಸರಿಹೋದೀತು. ಚರಂಡಿಯನ್ನು ಇಳಿಜಾರು ನೋಡದೆ ಅಳೆಯುವುದು ನಮ್ಮ ಅಭಿಪ್ರಾಯದಲ್ಲಿ ತಪ್ಪು ಲೆಕ್ಕ.

ಅಮೆರಿಕದವರು ಈ ಗಂಟನ್ನು ನ್ಯಾಯಾಲಯದಲ್ಲಿ ಬಿಡಿಸಲು ಹೊರಟರು. ನ್ಯೂಯಾರ್ಕಿನಲ್ಲಿ 1691ರಷ್ಟು ಹಿಂದೆಯೇ ಬೀದಿ ಚರಂಡಿಗಳ ವೆಚ್ಚವನ್ನು ಪ್ರಯೋಜನ ಹೊಂದುವ ಮನೆಗಳ ಮೇಲೆ ಹಾಕುವ ಶಾಸನವಿತ್ತು. ಒಹಾಯೊ ಪ್ರಾಂತದ ನಾರ್‌ವುಡ್ ಎಂಬ ಊರಿನಲ್ಲಿ ಬೇಕರ್ ಎಂಬ ಮಹಿಳೆಯ ಭೂಮಿಯನ್ನು ಸೀಳಿಕೊಂಡು ಒಂದು ರಸ್ತೆ ಹೋಯಿತು. ಊರಿನವರು ನೆಲಕ್ಕೆ 2,000 ಡಾಲರು ಪರಿಹಾರ ಕೊಟ್ಟರು. ಆಮೇಲೆ ಆ ಪರಿಹಾರದ ಹಣವನ್ನೂ ಅದನ್ನು ಗೊತ್ತುಮಾಡುವುದಕ್ಕೆ ಆದ ವೆಚ್ಚವನ್ನೂ ಕೂಡಿಸಿ, ಮುಖದಳತೆಯ ನೆಪದಲ್ಲಿ ಅವಳಿಂದಲೇ ಹಿಂದಕ್ಕೆ ಕೇಳಿದರು! ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಕಿತ್ತುಕೊಂಡ ಹಾಗೆ. 1898ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದನ್ನು ತಡೆಯಿತು: ಆದ ಪ್ರಯೋಜನಕ್ಕಿಂತ ಬಹುವಾಗಿ ಮೀರಿದ ಹೊರೆಯು ತೆರಿಗೆಯಲ್ಲ, ಅಪಹರಣ. ಆದರೆ ಮೂರೇ ವರ್ಷಗಳಲ್ಲಿ, 1901ರ ಮತ್ತೊಂದು ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯವು ಮುಖದಳತೆಯ ನಿಯಮವನ್ನು ಮತ್ತೆ ಎತ್ತಿಹಿಡಿಯಿತು. ಒಂದೊಂದು ಮನೆಯ ಪ್ರಯೋಜನವನ್ನೂ ತೂಗುತ್ತ ಕುಳಿತರೆ ರಸ್ತೆಯಾಗುವುದು ಯಾವಾಗ ಎಂಬ ಚಿಂತೆಯೂ ಸುಳ್ಳಲ್ಲ.

ವೆಚ್ಚವನ್ನು ಹಂಚುವುದಕ್ಕೆ ಮೊದಲು ವೆಚ್ಚವನ್ನೇ ಕಡಿಮೆ ಮಾಡಬಾರದೇಕೆ ಎಂದು ಕೇಳಿದವರು ಪ್ಯಾಟ್ರಿಕ್ ಗೆಡೆಸ್. ಈ ಸ್ಕಾಟ್ಲೆಂಡಿನ ವಿದ್ವಾಂಸರು 1914ರಲ್ಲಿ ಭಾರತಕ್ಕೆ ಬಂದು ಮದ್ರಾಸು ಆಧಿಪತ್ಯದ ಊರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದರು. 1915ರ ಅವರ ವರದಿಗಳಲ್ಲಿ ನಮ್ಮ ಬಳ್ಳಾರಿಯೂ ಕೊಳ್ಳೇಗಾಲದ ಅಂದಿನ ಜಿಲ್ಲಾ ಕೇಂದ್ರವಾದ ಕೊಯಮತ್ತೂರೂ ಸೇರಿವೆ. ಹಳೆಯ ಓಣಿಯನ್ನು ನೇರಗೆರೆ ಎಳೆದು ಕೆಡಹುವ ಇಂಜಿನಿಯರುಗಳ ಆತುರವನ್ನು ಅವರು ಕಟುವಾಗಿ ಖಂಡಿಸಿದರು. ಬಿದ್ದ ಮನೆಯೊಂದರ ಜಾಗವನ್ನು ತೆರವು ಮಾಡಿ, ಇಲ್ಲೊಂದು ಮೂಲೆಯನ್ನು ಸವರಿ, ಅಲ್ಲೊಂದು ಮರವನ್ನು ಉಳಿಸಿ, ಸ್ವಲ್ಪ ಹಣದಲ್ಲಿಯೇ ಗಾಳಿ ಬೆಳಕು ತರಬಹುದೆಂಬುದು ಅವರ ವಾದ. ಅಂದಿನ ಕಚೇರಿಗಳು ಈ ಮಾತಿಗೆ ಕಿವಿಗೊಟ್ಟುದು ಕಡಿಮೆ.

ಹೊಸ ಬಡಾವಣೆಗಳಲ್ಲಾದರೋ ಈ ತೊಡಕು ಬಹುಮಟ್ಟಿಗೆ ತಾನಾಗಿಯೇ ಬಿಡುವುದು. ಪ್ಲೇಗಿನ ಕಾಲದಲ್ಲಿ ಬೆಳೆದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಂತೆ, ಮೊದಲು ಬೀದಿ ಚರಂಡಿಗಳನ್ನು ಗುರುತು ಮಾಡಿ ಆಮೇಲೆ ನಿವೇಶನಗಳನ್ನು ಹಂಚಿದರೆ ವೆಚ್ಚವೆಲ್ಲ ನಿವೇಶನದ ಬೆಲೆಯೊಳಗೇ ಅಡಗಿರುವುದು. ಕೊಳ್ಳುವವನಿಗೆ ತಾನು ಏನನ್ನು ಕೊಳ್ಳುತ್ತಿರುವೆನೆಂಬುದು ತಿಳಿದಿರುವುದು. ಮೋರಿ ಬೇಡವಾದವನು ಕೊಳ್ಳದಿರಬಹುದು. ಇದರ ತಲೆಕೆಳಗಾದ ರೂಪವನ್ನು ಇಂದು ಕರ್ನಾಟಕದ ಎಲ್ಲ ಪಟ್ಟಣಗಳ ಅಂಚಿನಲ್ಲಿಯೂ ಕಾಣುತ್ತೇವೆ. ಹೊಲವನ್ನು ಹಾಗೆಯೇ ತುಂಡು ಮಾಡಿ ಮಾರಿದ ರೆವಿನ್ಯೂ ನಿವೇಶನಗಳು. ಅಗ್ಗವೆಂದು ಕೊಂಡ ಬಡ ನೌಕರರು. ಮಾರಿದವನು ಲಾಭವನ್ನು ಕಟ್ಟಿಕೊಂಡು ಹೊರಟುಹೋದ ಮೇಲೆ ಕೆಸರಿನಲ್ಲಿ ನಿಂತು ರಸ್ತೆ ಕೇಳುವ ಸಂಸಾರಗಳು. ಆಮೇಲೆ ಅಭಿವೃದ್ಧಿ ಶುಲ್ಕವೆಂದು ಅವರಿಂದ ಕೇಳುವುದು ಲೆಕ್ಕಕ್ಕೆ ಸರಿ. ಆದರೆ ನಿಜವಾಗಿ ತೆರಬೇಕಾದವನು ಆ ಪಟ್ಟಿಯಲ್ಲಿ ಇರುವುದೇ ಇಲ್ಲ.

1956ರ ಏಕೀಕರಣದೊಂದಿಗೆ ನಾಡು ಒಂದಾದರೂ ಶಾಸನಗಳು ಅದೇ ದಿನ ಒಂದಾಗಲಿಲ್ಲ. ಮದ್ರಾಸು, ಮುಂಬಯಿ, ಹೈದರಾಬಾದು, ಕೊಡಗು, ಹಳೆಯ ಮೈಸೂರು ಎಂದು ಐದು ಬಗೆಯ ಪುರಸಭಾ ಕಾಯಿದೆಗಳು ಒಂದೇ ರಾಜ್ಯದಲ್ಲಿ ಕೆಲವು ಕಾಲ ನಡೆದುವು. 1964ರ ಪುರಸಭೆಗಳ ಕಾಯಿದೆಯೇ ಅವನ್ನು ಕೂಡಿಸಿದುದು. ಇಂದು ಕೊಳ್ಳೇಗಾಲಕ್ಕೆ ನಗರಸಭೆಯಿದೆ. ಯಳಂದೂರಿಗೂ, ಈಚೆಗೆ ತಾಲ್ಲೂಕು ಕೇಂದ್ರವಾದ ಹನೂರಿಗೂ ಪಟ್ಟಣ ಪಂಚಾಯಿತಿಗಳಿವೆ. 2000ರ ನಂತರ ಬಾಡಿಗೆಯ ಬೆಲೆಯ ಲೆಕ್ಕವು ಹೋಗಿ, ಉಪನೋಂದಣಾಧಿಕಾರಿಯ ಕಚೇರಿಯ ಮಾರ್ಗಸೂಚಿ ಬೆಲೆಯನ್ನು ಆಧರಿಸಿ ಮನೆಯೊಡೆಯನೇ ಲೆಕ್ಕ ಹಾಕಿ ಕಟ್ಟುವ ಆಸ್ತಿ ತೆರಿಗೆ ಬಂದಿದೆ. ಮಾರ್ಗಸೂಚಿ ಬೆಲೆಯು ರಸ್ತೆ ರಸ್ತೆಗೂ ಬೇರೆ. ರಸ್ತೆ ಸುಧಾರಿಸಿದಂತೆ ಬೆಲೆ, ಬೆಲೆಯೊಂದಿಗೆ ತೆರಿಗೆ ಏರುವುದರಿಂದ, ಮೌಲ್ಯವೃದ್ಧಿಯ ಹಳೆಯ ತತ್ತ್ವವೇ ಸದ್ದಿಲ್ಲದೆ ವರ್ಷ ವರ್ಷದ ಕಂತುಗಳಾಗಿ ಒಳಬಂದಿದೆಯೆನ್ನಬಹುದು. ನಮ್ಮ ಊಹೆಯ ವಿಧವೆಗೆ ಒಮ್ಮೆಗೇ 450 ರೂಪಾಯಿಯ ನೋಟೀಸು ಬರುವುದಕ್ಕಿಂತ ಇದು ಎಷ್ಟೋ ಮೇಲು. ಮನೆಯು ಕೈಬದಲಾದಾಗ ಮಾತ್ರ ಬಾಕಿಯನ್ನು ತೀರಿಸಿಕೊಳ್ಳುವ ಏರ್ಪಾಡೂ ಇದ್ದರೆ ಇನ್ನೂ ಮೇಲಾಗುತ್ತಿತ್ತು.

ಆದರೆ ಸಣ್ಣ ಊರುಗಳ ಮೋರಿಯು ಈ ತೆರಿಗೆಯಿಂದಲೇ ಆಗುವುದೆಂದು ತಿಳಿದರೆ ಅದು ಭ್ರಮೆ. ನಗರೋತ್ಥಾನವೆಂಬ ರಾಜ್ಯದ ಯೋಜನೆಯಿಂದಲೂ ಹಣಕಾಸು ಆಯೋಗಗಳ ಅನುದಾನದಿಂದಲೂ ದೊಡ್ಡ ಕೆಲಸಗಳು ನಡೆಯುತ್ತವೆ. ಮನೆಯೊಡೆಯನಿಗೆ ಇದು ಹಿತವೇ. ಆದರೆ ಹೀಗಾದಾಗ ಮೋರಿಯು ಬೀದಿಗೆ ಬೇಕಾದಾಗ ಬರುವುದಿಲ್ಲ, ಅನುದಾನ ಬಂದಾಗ ಬರುವುದು. ತಾನು ತೆತ್ತಿಲ್ಲವಾದುದರಿಂದ ಅದು ಕಟ್ಟಿಕೊಂಡಾಗ ಪ್ರಶ್ನಿಸುವ ಬಾಯಿಯೂ ಬೀದಿಗೆ ಕುಗ್ಗುವುದು.

ಹನೂರಿನ ಮಾತು ಒಂದಿಷ್ಟು ಬೇರೆ. ಕೊಳ್ಳೇಗಾಲದಿಂದ ಮಲೆಯ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಅದಿದೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಕಾಲ್ನಡಿಗೆಯಲ್ಲಿಯೂ ವಾಹನಗಳಲ್ಲಿಯೂ ಜನಸಮುದ್ರವೇ ಆ ದಾರಿಯಲ್ಲಿ ಹರಿಯುವುದು. ಆ ರಸ್ತೆಯನ್ನು ಸವೆಯಿಸುವವರು ಹನೂರಿನವರಲ್ಲ. ರಸ್ತೆಯ ಪಕ್ಕದಲ್ಲಿ ಮನೆಯಿದೆಯೆಂಬ ಮಾತ್ರಕ್ಕೆ ಅದರ ಅಗಲವನ್ನೂ ಗಟ್ಟಿತನವನ್ನೂ ಅಲ್ಲಿನ ಮನೆಯೊಡೆಯನ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಅದು ನಾಡಿನ ದಾರಿ, ನಾಡಿನ ಹಣದಿಂದಲೇ ಆಗಬೇಕು. ಅಂಗಡಿಯಿಟ್ಟು ಯಾತ್ರಿಕರಿಂದ ಲಾಭ ಪಡೆಯುವವನ ಮಾತು ಬೇರೆ. ಅವನ ಆಸ್ತಿಗೆ ವಾಣಿಜ್ಯದ ದರವುಂಟು. ಮುಖ್ಯರಸ್ತೆಯ ಹಿಂದಿನ ಒಳಬೀದಿಗೆ ಬಂದೊಡನೆ ನ್ಯಾಯವೂ ತಿರುಗುವುದು. ಅಲ್ಲಿ ಯಾತ್ರಿಕನು ಕಾಲಿಡುವುದಿಲ್ಲ. ಅಲ್ಲಿನ ಮೋರಿಗೆ ಬೀದಿಯವರು ಕೊಡಬೇಕಾದುದೇ.

ಕೊನೆಯದಾಗಿ, ಮೋರಿಯ ಕೊನೆ. ನಾವು ಊಹಿಸಿದ ಬೀದಿಯ ನೀರು ವಿಧವೆಯ ಮನೆಯನ್ನು ದಾಟಿದ ಮೇಲೆ ಎಲ್ಲಿಗೆ ಹೋಗುವುದು? ದೊಡ್ಡ ಮೋರಿಗೆ, ಅಲ್ಲಿಂದ ಊರಾಚೆಯ ಹಳ್ಳಕ್ಕೋ ಕೆರೆಗೋ. 1974ರ ಜಲಮಾಲಿನ್ಯದ ಕಾಯಿದೆಯು ಊರಿನ ಕೊಳಕನ್ನು ಶುದ್ಧಿ ಮಾಡದೆ ನೀರಿಗೆ ಬಿಡಕೂಡದೆನ್ನುತ್ತದೆ. ಅದರ ವೆಚ್ಚವು ಮೋರಿಯ ವೆಚ್ಚಕ್ಕಿಂತ ಎಷ್ಟೋ ಮಡಿ. ಯಳಂದೂರಿನ ಪಕ್ಕದಲ್ಲಿ ಸುವರ್ಣಾವತಿ ಹರಿದು ಕಾವೇರಿಯನ್ನು ಸೇರಲು ಹೋಗುತ್ತಾಳೆ. ಅವಳ ದಡದುದ್ದಕ್ಕೂ ಗದ್ದೆಗಳಿವೆ. ಆ ಗದ್ದೆಗಳ ಒಕ್ಕಲಿಗನು ಯಾವ ಬೀದಿಗೂ ಮುಖಮಾಡಿದವನಲ್ಲ; ಅವನ ಹೆಸರು ಯಾವ ಪುರಸಭೆಯ ತೆರಿಗೆಯ ಪುಸ್ತಕದಲ್ಲಿಯೂ ಇಲ್ಲ. ಊರಿನ ಇಳಿಜಾರೆಲ್ಲ ಮುಗಿದ ಮೇಲೆ ಎಲ್ಲರಿಗಿಂತ ತಗ್ಗಿನಲ್ಲಿರುವ ಮನೆ ಅವನದು.